ಯಾರ ಗಡಿಯಾರದ ಹೊತ್ತು?

ಕೋಲಾರದ ಗಣಿ ಎಂದರೆ ಎಲ್ಲರಿಗೂ ಚಿನ್ನ ನೆನಪಾಗುತ್ತದೆ. ನನಗೆ ನೆನಪಾಗುವುದು ಮ್ಯೂಯಾನ್ ಎಂಬ ಕಣ. 1950ರ ದಶಕದ ಆರಂಭದಲ್ಲಿ, ಹೋಮಿ ಭಾಭಾ ಅವರ ಪ್ರೇರಣೆಯಿಂದ, ನಂಜನಗೂಡಿನಲ್ಲಿ ಹುಟ್ಟಿದ ಯುವ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ ಆ ಗಣಿಗೆ ಇಳಿದರು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಅಲ್ಲಿ ಒಂದೊಂದೇ ಮಟ್ಟದ ಸುರಂಗದಲ್ಲಿ ಉಪಕರಣಗಳನ್ನಿಟ್ಟು, ಆಕಾಶದಿಂದ ಸುರಿಯುವ ಕಣಗಳಲ್ಲಿ ಎಷ್ಟು ಯಾವ ಆಳದವರೆಗೆ ಬರುತ್ತವೆ ಎಂದು ಎಣಿಸತೊಡಗಿದರು. 1960ರ ದಶಕದ ಹೊತ್ತಿಗೆ ಈ ಎಣಿಕೆ ಎರಡು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಮೇಲಿನಿಂದ ಬಂಡೆ ತೂರಿಕೊಂಡು ಬರುತ್ತಿದ್ದವು ಮ್ಯೂಯಾನ್‌ಗಳು. ಇಳಿದಷ್ಟೂ ಅವು ವಿರಳವಾದವು. ಕೊನೆಗೆ ತಿಂಗಳುಗಟ್ಟಲೆ ಕಾದರೂ ಒಂದೂ ಬಾರದ ಆಳ ಸಿಕ್ಕಿತು. ಆ ನಿಶ್ಶಬ್ದವನ್ನೇ ಬಳಸಿಕೊಂಡು 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಬೇರೆ ಕಣಗಳನ್ನು ಅಲ್ಲಿ ಪತ್ತೆಹಚ್ಚಿದರು. ಅದು ಬೇರೆಯೇ ಕಥೆ.

ಇಲ್ಲಿ ನಮಗೆ ಬೇಕಾದದ್ದು ಮ್ಯೂಯಾನಿನ ಆಯುಷ್ಯ. ನಿಂತಲ್ಲೇ ನಿಂತ ಮ್ಯೂಯಾನ್ ಸರಾಸರಿ 2.2 ಮೈಕ್ರೋಸೆಕೆಂಡು ಬದುಕುತ್ತದೆ, ಅಂದರೆ ಒಂದು ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿದರೆ ಎರಡು ಚೂರಿಗಿಂತ ತುಸು ಹೆಚ್ಚು. ಅದು ಹುಟ್ಟುವುದು ನೆಲದಿಂದ ಸುಮಾರು 15 ಕಿಲೋಮೀಟರ್ ಮೇಲೆ, ಅಂತರಿಕ್ಷದಿಂದ ಬಂದ ಕಣ ಗಾಳಿಯ ಪರಮಾಣುವಿಗೆ ಬಡಿದಾಗ. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟು ಆಯುಷ್ಯದಲ್ಲಿ ಅದು ದಾಟಬಲ್ಲದ್ದು 660 ಮೀಟರ್. ಲೆಕ್ಕದ ಪ್ರಕಾರ ಬಹುಪಾಲು ಮ್ಯೂಯಾನ್‌ಗಳು ಮೋಡದ ಮೇಲೆಯೇ ಸಾಯಬೇಕು. ಆದರೆ ಅವು ನೆಲಕ್ಕೆ ಬರುತ್ತವೆ, ನಮ್ಮ ಅಂಗೈಯನ್ನು ಸೆಕೆಂಡಿಗೊಂದರಂತೆ ಹಾದುಹೋಗುತ್ತವೆ. ಅವುಗಳಲ್ಲಿ ಅತಿ ವೇಗದ ಕೆಲವು ಕೋಲಾರದ ಗಣಿಯ ಒಳಕ್ಕೂ ಇಳಿಯುತ್ತವೆ.

ಗಣಿಗೆ ಇಳಿದವರು ಕಾಲದ ಪರೀಕ್ಷೆಗೆ ಹೋದವರಲ್ಲ. ಆ ಪರೀಕ್ಷೆಯನ್ನು 1941ರಲ್ಲೇ ಬ್ರೂನೋ ರೊಸ್ಸಿ ಮತ್ತು ಡೇವಿಡ್ ಹಾಲ್ ಅಮೆರಿಕದ ಕೊಲೊರಾಡೊ ಬೆಟ್ಟಗಳಲ್ಲಿ ಮಾಡಿದ್ದರು. ಮ್ಯೂಯಾನ್ ವೇಗವಾಗಿ ಓಡಿದಷ್ಟೂ ನಮ್ಮ ಗಡಿಯಾರದ ಲೆಕ್ಕದಲ್ಲಿ ಅದರ ಆಯುಷ್ಯ ಹಿಗ್ಗುತ್ತದೆ ಎಂದು ಅವರು ಕಂಡರು. ಗಣಿಯ ಆಳಕ್ಕೆ ಬರುವಂಥವುಗಳಿಗೆ ಆ ಹಿಗ್ಗು ಸಾವಿರಾರು ಪಟ್ಟು. ಆದರೆ ಮ್ಯೂಯಾನಿಗೆ ತಾನು ದೀರ್ಘಾಯುಷಿ ಎಂಬ ಅನುಭವವೇನೂ ಇಲ್ಲ. ಅದರ ಲೆಕ್ಕದಲ್ಲಿ ಅದು ಬದುಕಿದ್ದು ಅದೇ 2.2 ಮೈಕ್ರೋಸೆಕೆಂಡು. ಅದರ ಪಾಲಿಗೆ ಕುಗ್ಗಿದ್ದು ನಮ್ಮ ವಾತಾವರಣದ ದಪ್ಪ. ಇಬ್ಬರ ಲೆಕ್ಕವೂ ಸರಿ, ಎರಡೂ ಲೆಕ್ಕ ಒಂದೇ ಫಲಕ್ಕೆ ಬಂದು ನಿಲ್ಲುತ್ತವೆ: ಕಣ ನೆಲ ಮುಟ್ಟುತ್ತದೆ. ಹಾಗಾದರೆ ನಿಜವಾಗಿ ಕಳೆದ ಕಾಲ ಎಷ್ಟು? ಭೌತವಿಜ್ಞಾನ ಈ ಪ್ರಶ್ನೆಗೆ ಮರುಪ್ರಶ್ನೆ ಹಾಕುತ್ತದೆ. ಯಾರ ಗಡಿಯಾರದ ಪ್ರಕಾರ?

ಕಾಲ ನಿಜವಾಗಿ ಇದೆಯೇ ಎಂಬ ಚರ್ಚೆಗೆ ನಾನು ಬರುವುದು ಈ ಮರುಪ್ರಶ್ನೆಯ ಬಾಗಿಲಿನಿಂದ. ಯಾಕೆಂದರೆ ಆ ಚರ್ಚೆ ಹೆಚ್ಚಿನ ಸಲ ಹಾದಿ ತಪ್ಪುವುದು ಕಾಲವೆಂದರೆ ಜಗತ್ತಿನ ಹಿಂದೆ ಎಲ್ಲೋ ಹರಿಯುತ್ತಿರುವ ಒಂದು ಹೊಳೆ ಎಂದು ಮೊದಲೇ ಒಪ್ಪಿಕೊಂಡುಬಿಡುವುದರಿಂದ. ನಮ್ಮ ಮಾತು ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿದೆ. ಹಳ್ಳಿಯಲ್ಲಿ ಹೊತ್ತು ಹುಟ್ಟುತ್ತದೆ, ಹೊತ್ತು ಮಾರುದ್ದ ಏರುತ್ತದೆ, ಹೊತ್ತು ಮುಳುಗುತ್ತದೆ. ಹೊತ್ತು ಎಂದರೆ ವೇಳೆಯೂ ಹೌದು, ಸೂರ್ಯನೂ ಹೌದು. ಸೂರ್ಯ ಅಷ್ಟು ಮೇಲೆ ಬಂದ, ಅದೇ ಅಷ್ಟು ಹೊತ್ತು. ಇನ್ನೂ ಚಿಕ್ಕ ಅವಧಿಗೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಇಲ್ಲೆಲ್ಲ ಒಂದು ಬದಲಾವಣೆಯನ್ನು ಇನ್ನೊಂದು ಬದಲಾವಣೆಯ ಪಕ್ಕ ಇಟ್ಟು ನೋಡುವುದಷ್ಟೇ ನಡೆಯುತ್ತಿದೆ. ಬೇಸಾಯದವರ ಈ ಮಾತಿನಲ್ಲಿ, ನನ್ನ ತಿಳಿವಳಿಕೆಯ ಮಟ್ಟಿಗೆ, ಭೌತವಿಜ್ಞಾನ ಕಾಲಕ್ಕೆ ಕೊಡುವ ವ್ಯಾಖ್ಯೆಯ ತಿರುಳಿದೆ.

ಹಳೆಯ ಗಳಿಗೆ ಬಟ್ಟಲನ್ನು ನೆನಪಿಸಿಕೊಳ್ಳಿ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಈಗಿನ 24 ನಿಮಿಷ. ಒಂದು ದಿನಕ್ಕೆ 60 ಗಳಿಗೆ. ಈಗ ಒಂದು ತೊಡಕನ್ನು ನೋಡಿ. ಬಟ್ಟೆಯ ಎರಡು ತುಂಡುಗಳು ಸಮವೇ ಎಂಬ ಅನುಮಾನ ಬಂದರೆ ಅವನ್ನು ಒಂದರ ಮೇಲೊಂದು ಹಾಸಿ ನೋಡಬಹುದು. ನಿನ್ನೆಯ ಗಳಿಗೆಯನ್ನು ತಂದು ಇವತ್ತಿನದರ ಪಕ್ಕ ಇಡಲು ಬರುವುದಿಲ್ಲ. ಇವೆರಡೂ ಸಮ ಎಂದು ಹೇಳುವುದು ಯಾವ ಆಧಾರದ ಮೇಲೆ? ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕರೆ 1898ರಲ್ಲಿ ಕಾಲದ ಅಳತೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನೇ ಎತ್ತಿದರು. ಎರಡು ಅವಧಿಗಳು ಸಮ ಎಂಬುದನ್ನು ನೇರವಾಗಿ ಅರಿಯುವ ಇಂದ್ರಿಯ ನಮಗಿಲ್ಲ. ನಿಯಮಗಳು ಆದಷ್ಟು ಸರಳವಾಗಿ ಕಾಣುವ ಹಾಗೆ ನಾವು ಸಮತ್ವವನ್ನು ಆರಿಸಿಕೊಳ್ಳುತ್ತೇವೆ.

ಈ ಆಯ್ಕೆಯ ಇತಿಹಾಸವೇ ಸೆಕೆಂಡಿನ ಇತಿಹಾಸ. ಮೊದಲು ಸೆಕೆಂಡು ಎಂದರೆ ಸರಾಸರಿ ಸೌರದಿನದ 86,400ನೆಯ ಒಂದು ಪಾಲು. ಚಂದ್ರ ಎಬ್ಬಿಸುವ ಉಬ್ಬರವಿಳಿತದಿಂದ ಭೂಮಿಯ ತಿರುಗಾಟ ನಿಧಾನವಾಗುತ್ತಿದೆ, ದಿನವೇ ಉದ್ದವಾಗುತ್ತಿದೆ ಎಂದು ಖಚಿತವಾದ ಮೇಲೆ ಆ ಅಳತೆ ನಿಲ್ಲಲಿಲ್ಲ. 1955ರಲ್ಲಿ ಇಂಗ್ಲೆಂಡಿನ ಟೆಡಿಂಗ್ಟನ್‌ನಲ್ಲಿರುವ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಲೂಯಿ ಎಸೆನ್ ಮತ್ತು ಜ್ಯಾಕ್ ಪ್ಯಾರಿ ಸೀಸಿಯಂ ಗಡಿಯಾರ ನಡೆಸಿ ತೋರಿಸಿದರು. 1967ರಿಂದ ಸೆಕೆಂಡು ಎಂದರೆ ಸೀಸಿಯಂ-133 ಪರಮಾಣುವಿನ ಎರಡು ನಿರ್ದಿಷ್ಟ ಶಕ್ತಿಮಟ್ಟಗಳ ನಡುವಿನ ಜಿಗಿತಕ್ಕೆ ಹೊಂದುವ ವಿಕಿರಣದ 919 ಕೋಟಿ 26 ಲಕ್ಷ 31 ಸಾವಿರದ 770 ಅಲೆತಗಳು. ಸೂರ್ಯನ ಜಾಗಕ್ಕೆ ಸೀಸಿಯಂ ಬಂತು. ಪದ್ಧತಿ ಮಾತ್ರ ಅದೇ, ಒಂದರ ಬದಲಾವಣೆಗೆ ಇನ್ನೊಂದರ ಬದಲಾವಣೆಯನ್ನು ಎಣಿಸಿ ಕೊಡುವುದು. ಸೀಸಿಯಂ ಸಮನಾಗಿ ಅಲೆಯುತ್ತದೆ ಎನ್ನಲು ಏನು ಸಾಕ್ಷಿ ಎಂದು ಯಾರಾದರೂ ಕೇಳಿದರೆ ಪ್ರಾಮಾಣಿಕ ಉತ್ತರ ಇಷ್ಟೇ: ಬೇರೆ ಬೇರೆ ಸೀಸಿಯಂ ಗಡಿಯಾರಗಳು ಒಂದಕ್ಕೊಂದು ಒಪ್ಪುತ್ತವೆ, ಅವುಗಳಿಂದ ಅಳೆದಾಗ ಗ್ರಹಗಳ ಚಲನೆಯಿಂದ ಹಿಡಿದು ಬೆಳಕಿನವರೆಗೆ ಎಲ್ಲದರ ನಿಯಮ ಸರಳವಾಗುತ್ತದೆ. ಅದರಾಚೆ ಒರೆ ಹಚ್ಚಿ ನೋಡಲು ಅಪ್ಪಟ ಕಾಲವೊಂದು ನಮ್ಮ ಕೈಗೆ ಸಿಕ್ಕಿಲ್ಲ.

ನ್ಯೂಟನ್ ಹಾಗೊಂದು ಅಪ್ಪಟ ಕಾಲವಿದೆ ಎಂದು ನಂಬಿದ್ದರು. 1687ರ ತಮ್ಮ ಮಹಾಗ್ರಂಥದಲ್ಲಿ, ಯಾವ ವಸ್ತುವಿನ ಹಂಗೂ ಇಲ್ಲದೆ ತನ್ನಷ್ಟಕ್ಕೆ ಸಮನಾಗಿ ಸಾಗುವ ಕಾಲವನ್ನು ಅವರು ಅಡಿಪಾಯವಾಗಿ ಹಾಕಿದರು. ಲೈಬ್ನಿಟ್ಸ್ ಒಪ್ಪಲಿಲ್ಲ. ಘಟನೆಗಳು ಒಂದರ ಹಿಂದೊಂದು ಬರುವ ಕ್ರಮವೇ ಕಾಲ, ಘಟನೆಗಳೇ ಇಲ್ಲದಿದ್ದರೆ ಕಾಲವೂ ಇಲ್ಲ ಎಂದರು. ನಮ್ಮಲ್ಲೂ ಇದೇ ಬಗೆಯ ಜಗಳವಿತ್ತು. ವೈಶೇಷಿಕರು ಒಂಬತ್ತು ದ್ರವ್ಯಗಳಲ್ಲಿ ಕಾಲವನ್ನೂ ಒಂದಾಗಿ ಎಣಿಸಿದರು. ವಸ್ತುಗಳನ್ನು ಬಿಟ್ಟು ಕಾಲವೆಂಬುದು ಬೇರೆ ನಿಲ್ಲದು ಎಂದು ಬೌದ್ಧ ಚಿಂತಕ ನಾಗಾರ್ಜುನ ವಾದಿಸಿದ. ಜೈನರು ಕಾಲದ ಒಡೆಯಲಾಗದ ಅತಿ ಚಿಕ್ಕ ತುಣುಕಿಗೆ 'ಸಮಯ' ಎಂದು ಹೆಸರಿಟ್ಟರು. ಇಂದು ನಾವು ಸಮಯವಿಲ್ಲ ಎಂದು ಗೊಣಗುವಾಗ ಬಾಯಿಗೆ ಬರುವುದು ಆ ಪರಿಭಾಷೆಯ ಪದವೇ. ಇವರೆಲ್ಲ ಸಾಪೇಕ್ಷತಾ ಸಿದ್ಧಾಂತವನ್ನು ಮೊದಲೇ ಕಂಡಿದ್ದರು ಎಂದು ಕೆಲವರು ಭಾಷಣ ಮಾಡುತ್ತಾರೆ. ಅದು ಆ ಚಿಂತಕರಿಗೂ ಮಾಡುವ ಅನ್ಯಾಯ, ಅಳೆದು ನೋಡಿದ ವಿಜ್ಞಾನಿಗಳಿಗೂ ಮಾಡುವ ಅನ್ಯಾಯ. ಪ್ರಶ್ನೆ ಎಷ್ಟು ಗಟ್ಟಿಯೆಂದು ಅವರು ಕಂಡಿದ್ದರು. ಅದೇನು ಕಡಿಮೆಯಲ್ಲ.

ಅಳೆದು ತೀರ್ಮಾನಿಸುವ ದಾರಿ ತೆರೆದವರು ಐನ್‌ಸ್ಟೈನ್. 1905ರಲ್ಲಿ, ಸ್ವಿಟ್ಜರ್‌ಲೆಂಡಿನ ಬರ್ನ್‌ನ ಪೇಟೆಂಟ್ ಕಚೇರಿಯಲ್ಲಿ ಕೆಲಸಕ್ಕಿದ್ದಾಗ ಬರೆದ ಪ್ರಬಂಧದಲ್ಲಿ ಅವರು ಕಾಲದ ವಿಚಾರವನ್ನು ಮಗುವಿಗೂ ತಿಳಿಯುವ ಮಾತಿನಿಂದ ವಿವರಿಸುತ್ತಾರೆ. ರೈಲು ಏಳು ಗಂಟೆಗೆ ಬಂತು ಎಂದರೆ, ರೈಲು ಬಂದದ್ದೂ ನನ್ನ ಗಡಿಯಾರದ ಚಿಕ್ಕ ಮುಳ್ಳು ಏಳರ ಮೇಲೆ ನಿಂತದ್ದೂ ಏಕಕಾಲಕ್ಕೆ ನಡೆದವು ಎಂದರ್ಥ. ಗಡಿಯಾರವೂ ರೈಲೂ ಒಂದೇ ಕಡೆ ಇದ್ದರೆ ತಕರಾರಿಲ್ಲ. ದೂರದಲ್ಲಿ ನಡೆದ ಘಟನೆ ಇದರ ಜೊತೆಯಲ್ಲೇ ನಡೆಯಿತು ಎನ್ನಬೇಕಾದರೆ ಏನೋ ಒಂದು ಸಂಕೇತ ಹೋಗಿ ಬರಬೇಕು. ಬೆಳಕಿನ ವೇಗ ಎಲ್ಲರಿಗೂ ಒಂದೇ ಆದ್ದರಿಂದ, ಬೇರೆ ಬೇರೆ ವೇಗದಲ್ಲಿ ಸಾಗುವವರು ಏಕಕಾಲದ ಬಗ್ಗೆ ಒಂದೇ ತೀರ್ಮಾನಕ್ಕೆ ಬರಲಾರರು.

ಬೀದಿಯಲ್ಲಿ ಎದುರುಬದುರಾಗಿ ನಡೆದು ಬರುವ ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರದೂ ಗಂಟೆಗೆ ಐದು ಕಿಲೋಮೀಟರಿನ ಮಾಮೂಲಿ ನಡಿಗೆ. ಒಬ್ಬರು ಆಂಡ್ರೋಮಿಡಾ ಗೆಲಾಕ್ಸಿಯ ದಿಕ್ಕಿಗೆ ಹೋಗುತ್ತಿದ್ದಾರೆ, ಇನ್ನೊಬ್ಬರು ಅದಕ್ಕೆ ಬೆನ್ನು ಹಾಕಿ. ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಬಂದ ಕ್ಷಣದಲ್ಲಿ ಇಬ್ಬರೂ 'ಈಗ' ಎನ್ನುತ್ತಾರೆ. ಸುಮಾರು 25 ಲಕ್ಷ ಬೆಳಕಿನ ವರ್ಷ ದೂರದ ಆ ಗೆಲಾಕ್ಸಿಯಲ್ಲಿ ಈ ಇಬ್ಬರ 'ಈಗ'ಗಳ ನಡುವೆ ಎಂಟು ದಿನಗಳಿಗೂ ಹೆಚ್ಚು ಅಂತರವಿರುತ್ತದೆ. ಅಲ್ಲಿ ಮೊನ್ನೆ ಆಗಿಹೋಯಿತು ಎಂದು ಒಬ್ಬರು ಲೆಕ್ಕ ಹಾಕಿದ್ದು ಇನ್ನೊಬ್ಬರ ಲೆಕ್ಕದಲ್ಲಿ ಇನ್ನೂ ಆಗಬೇಕಾದದ್ದು. ಇದರಿಂದ ಯಾರೂ ಭವಿಷ್ಯ ನೋಡಲಾಗದು, ಅಲ್ಲಿಂದ ಸುದ್ದಿ ಬರಲು 25 ಲಕ್ಷ ವರ್ಷ ಬೇಕು. ಆದರೆ ಇಡೀ ವಿಶ್ವಕ್ಕೆ ಏಕವಾಗಿ ಅನ್ವಯಿಸುವ 'ಈ ಕ್ಷಣ' ಎಂಬುದು ಇಲ್ಲ ಎಂಬುದಂತೂ ಸ್ಪಷ್ಟ. ವಿದ್ಯಾರ್ಥಿಯಾಗಿದ್ದಾಗ ಈ ಲೆಕ್ಕವನ್ನು ಮೊದಲ ಸಲ ಕೈಯಾರೆ ಮಾಡಿ ಮುಗಿಸಿದ ಸಂಜೆ ನನಗೆ ಇನ್ನೂ ನೆನಪಿದೆ. ಮತ್ತೆ ಮೂರು ಸಲ ಮಾಡಿ ನೋಡಿದ್ದೆ.

ವೇಗದ ಜೊತೆಗೆ ಗುರುತ್ವವೂ ಗಡಿಯಾರವನ್ನು ತಿದ್ದುತ್ತದೆ ಎಂಬುದನ್ನು ಐನ್‌ಸ್ಟೈನ್ ಆಮೇಲೆ ಕಂಡುಕೊಂಡರು. ಎತ್ತರದಲ್ಲಿ ಗಡಿಯಾರ ಬೇಗ ಓಡುತ್ತದೆ, ತಗ್ಗಿನಲ್ಲಿ ನಿಧಾನ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನ ಗಡಿಯಾರ, ಕಡಲ ದಂಡೆಯ ಮಂಗಳೂರಿನ ಗಡಿಯಾರಕ್ಕಿಂತ ವರ್ಷಕ್ಕೆ ಸುಮಾರು ಮೂರು ಮೈಕ್ರೋಸೆಕೆಂಡು ಮುಂದೆ ಹೋಗುತ್ತದೆ. ಗಡಿಯಾರದಲ್ಲಿ ದೋಷವಿಲ್ಲ, ಎರಡೂ ಊರುಗಳಲ್ಲಿ ಕಳೆಯುವ ಕಾಲವೇ ಬೇರೆ. ಇಷ್ಟು ಅಲ್ಪ ಅಂತರ ಯಾರಿಗೆ ಬೇಕು ಎನ್ನುವವರು ಬೆಂಗಳೂರಿನ ಹೊರವಲಯದ ಬ್ಯಾಲಾಳಿನ ಕಡೆ ನೋಡಬೇಕು. ಅಲ್ಲಿ ಇಸ್ರೋದ ನ್ಯಾವಿಗೇಷನ್ ಕೇಂದ್ರವಿದೆ. ನಮ್ಮ ನಾವಿಕ್ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿ ಗುರುತ್ವ ಕಡಿಮೆಯಾದ್ದರಿಂದ ಅವುಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ 51 ಮೈಕ್ರೋಸೆಕೆಂಡು ಮುಂದೋಡುತ್ತದೆ, ವೇಗದ ಕಾರಣಕ್ಕೆ ನಾಲ್ಕೂವರೆ ಮೈಕ್ರೋಸೆಕೆಂಡು ಹಿಂದೆ ಬೀಳುತ್ತದೆ. ಉಳಿಯುವ 46 ಚಿಲ್ಲರೆ ಮೈಕ್ರೋಸೆಕೆಂಡನ್ನು ಸರಿಪಡಿಸದೆ ಬಿಟ್ಟರೆ, ಅಷ್ಟರಲ್ಲಿ ಬೆಳಕು ಸಾಗುವ ದೂರ ಹದಿನಾಲ್ಕು ಕಿಲೋಮೀಟರ್. ಒಂದೇ ದಿನದಲ್ಲಿ ಇಷ್ಟು ತಪ್ಪು ಸೇರಿದರೆ ದೋಣಿಗೆ ದಾರಿ ತೋರಿಸುವುದೆಲ್ಲಿ ಬಂತು? ಮೊದಲ ನಾವಿಕ್ ಉಪಗ್ರಹಗಳಲ್ಲಿದ್ದ ವಿದೇಶಿ ಪರಮಾಣು ಗಡಿಯಾರಗಳಲ್ಲಿ ಹಲವು ಕೆಟ್ಟುನಿಂತು ತೊಂದರೆಯಾಗಿತ್ತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರ ಮೊದಲ ಬಾರಿಗೆ ಮೇಲೆ ಹೋಯಿತು. ಗುರುತ್ವ ಕಾಲವನ್ನು ಬಗ್ಗಿಸುತ್ತದೆ ಎಂಬ ಮಾತು ಆ ಕೇಂದ್ರದಲ್ಲಿ ದಿನನಿತ್ಯದ ಲೆಕ್ಕ.

ಇಲ್ಲಿಯವರೆಗೆ ಕಾಲ ಒಂದಲ್ಲ, ಹಲವು ಎಂದಾಯಿತು. ಅದು ಮುಂದಕ್ಕೇ ಯಾಕೆ ಸಾಗುತ್ತದೆ ಎಂಬುದು ಇನ್ನೂ ಕಷ್ಟದ ಮಾತು. ಡಿಕಾಕ್ಷನ್‌ಗೆ ಹಾಲು ಹಾಕಿದರೆ ಬೆರೆಯುತ್ತದೆ, ಬೆರೆತದ್ದು ತಾನಾಗಿ ಬೇರೆಯಾಗುವುದಿಲ್ಲ. ವಿಚಿತ್ರವೆಂದರೆ ಹಾಲಿನ ಒಂದೊಂದು ಅಣುವಿನ ಚಲನೆಗೂ ಅನ್ವಯಿಸುವ ನಿಯಮದಲ್ಲಿ ಹಿಂದು ಮುಂದು ಎಂಬ ಭೇದವಿಲ್ಲ. ವಿಡಿಯೋವನ್ನು ತಿರುಗಿಸಿ ಓಡಿಸಿದರೂ ಆ ನಿಯಮ ಮುರಿಯುವುದಿಲ್ಲ. ಕೆಲವು ಅಲ್ಪಾಯುಷಿ ಕಣಗಳ ರೂಪಾಂತರದಲ್ಲಿ ಈ ಭೇದ ಸ್ವಲ್ಪ ಕಂಡಿದೆ, 2012ರಲ್ಲಿ ಬಿ-ಮೆಸಾನ್‌ಗಳಲ್ಲಿ ನೇರವಾಗಿಯೇ ಸಾಬೀತಾಯಿತು. ಆದರೆ ಅದರಿಂದ ಕಾಫಿಯ ಕಥೆ ಬಗೆಹರಿಯುವುದಿಲ್ಲ. ಕಾಫಿಯ ಉತ್ತರ ಕೊಟ್ಟವರು ಆಸ್ಟ್ರಿಯಾದ ಲುಡ್ವಿಗ್ ಬೋಲ್ಟ್ಸ್‌ಮನ್. ಹಾಲು ಒಂದೇ ಕಡೆ ಉಳಿಯುವಂತೆ ಅಣುಗಳನ್ನು ಜೋಡಿಸುವ ವಿಧಗಳು ಕೆಲವೇ. ಬೆರೆತ ಹಾಗೆ ಜೋಡಿಸುವ ವಿಧಗಳು ಎಣಿಕೆಗೆ ಸಿಗದಷ್ಟು. ಸುಮ್ಮನೆ ಓಡಾಡುವ ಅಣುಗಳು ಹೆಚ್ಚು ವಿಧಗಳಿರುವ ಕಡೆಗೇ ಹೋಗಿ ಸೇರುತ್ತವೆ. ಈ ವಿಧಗಳ ಲೆಕ್ಕವೇ ಎಂಟ್ರೋಪಿ. ವಿಯೆನ್ನಾದಲ್ಲಿ ಅವರ ಸಮಾಧಿಯ ಮೇಲೆ ಕೆತ್ತಿರುವುದು ಈ ಲೆಕ್ಕದ ಪುಟ್ಟ ಸೂತ್ರವನ್ನೇ.

ಇದು ಅರ್ಧ ಉತ್ತರ. ಎಂಟ್ರೋಪಿ ಏರುತ್ತಿದೆ ಎಂದರೆ ಹಿಂದೆ ಅದು ಕಡಿಮೆಯಿತ್ತು ಎಂದಾಯಿತು. ಯಾಕೆ ಕಡಿಮೆಯಿತ್ತು? ಈ ಪ್ರಶ್ನೆಯ ಎಳೆ ಹಿಡಿದು ಹೋದರೆ ಕಾಫಿ ಲೋಟದಿಂದ ಬೀಜಕ್ಕೆ, ಬೀಜದಿಂದ ಗಿಡಕ್ಕೆ, ಗಿಡದಿಂದ ಸೂರ್ಯನಿಗೆ, ಸೂರ್ಯನಿಂದ 1,380 ಕೋಟಿ ವರ್ಷ ಹಿಂದಿನ ವಿಶ್ವದ ಆರಂಭಕ್ಕೆ ಹೋಗಿ ಮುಟ್ಟುತ್ತೇವೆ. ವಿಶ್ವ ಅಷ್ಟು ಅಚ್ಚುಕಟ್ಟಾದ ಸ್ಥಿತಿಯಲ್ಲಿ ಯಾಕೆ ಶುರುವಾಯಿತು ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇಂದಿಗೂ ಇಲ್ಲ. ನಮಗೆ ನಿನ್ನೆಯ ನೆನಪಿದ್ದು ನಾಳೆಯ ನೆನಪಿಲ್ಲದಿರುವುದಕ್ಕೂ ಎಂಟ್ರೋಪಿಯ ಈ ಏರಿಕೆಯೇ ಕಾರಣ ಎಂದು ಬಹಳ ಮಂದಿ ಭೌತವಿಜ್ಞಾನಿಗಳು ತಿಳಿಯುತ್ತಾರೆ.

ಕಾಲ ಪೂರ್ತಿ ಮಾಯವಾಗುವುದು ಮುಂದಿನ ಮೆಟ್ಟಿಲಲ್ಲಿ. ಗುರುತ್ವವನ್ನೂ ಕ್ವಾಂಟಂ ನಿಯಮಗಳನ್ನೂ ಒಟ್ಟಿಗೆ ತರಲು ಹೊರಟ ಜಾನ್ ವೀಲರ್ ಮತ್ತು ಬ್ರೈಸ್ ಡಿವಿಟ್ ಅವರ ಸಮೀಕರಣ 1967ರಲ್ಲಿ ಪ್ರಕಟವಾಯಿತು. ಇಡೀ ವಿಶ್ವದ ಸ್ಥಿತಿಯನ್ನು ಹೇಳುವ ಆ ಸಮೀಕರಣದಲ್ಲಿ ಕಾಲದ ಅಕ್ಷರವೇ ಇರಲಿಲ್ಲ. ವಿಶ್ವದ ಹೊರಗೆ ಗಡಿಯಾರ ಇಡಲು ಜಾಗವಿಲ್ಲವಲ್ಲ! ಹಾಗಾದರೆ ನಮಗೆ ಬದಲಾವಣೆ ಕಾಣುವುದು ಹೇಗೆ? 1983ರಲ್ಲಿ ಡಾನ್ ಪೇಜ್ ಮತ್ತು ವಿಲಿಯಂ ವೂಟರ್ಸ್ ಒಂದು ದಾರಿ ತೋರಿಸಿದರು. ಇಡೀ ವಿಶ್ವ ನಿಶ್ಚಲವಾಗಿಯೇ ಇರಲಿ, ಅದರ ಒಂದು ಭಾಗವನ್ನು ಗಡಿಯಾರವೆಂದು ತೆಗೆದುಕೊಂಡರೆ ಉಳಿದ ಭಾಗ ಅದಕ್ಕೆ ಹೋಲಿಸಿದಂತೆ ಬದಲಾಗುತ್ತಾ ಹೋಗುತ್ತದೆ. ಎರಡೂ ಭಾಗಗಳು ಕ್ವಾಂಟಂ ನಂಟಿನಿಂದ ಹೆಣೆದುಕೊಂಡಿದ್ದರೆ ಸಾಕು. ಇಟಲಿಯ ಟ್ಯೂರಿನ್ನಿನಲ್ಲಿ ಎರಡು ಫೋಟಾನ್‌ಗಳಿಂದ ಇಂಥದೊಂದು ಪುಟ್ಟ ವಿಶ್ವವನ್ನು 2013ರಲ್ಲಿ ಮಾಡಿ ತೋರಿಸಿದರು. ಅದು ಪುರಾವೆ ಎನ್ನುವುದಕ್ಕಿಂತ ಪ್ರಾತ್ಯಕ್ಷಿಕೆ. ಆದರೂ ಸೂರ್ಯನನ್ನು ನೋಡಿ ಹೊತ್ತು ಎಂದವರ ಮಾತು ಇಲ್ಲಿ ಮತ್ತೆ ಕೇಳಿಸುತ್ತದೆ.

ಭೌತವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಕಾರ್ಲೋ ರೊವೆಲ್ಲಿ, ಜೂಲಿಯನ್ ಬಾರ್ಬರ್ ಅವರಂಥವರು ಪ್ರಕೃತಿಯ ತಳದಲ್ಲಿ ಕಾಲವಿಲ್ಲ ಎನ್ನುತ್ತಾರೆ. ಲೀ ಸ್ಮೋಲಿನ್ ಇದಕ್ಕೆ ಪೂರ್ತಿ ತದ್ವಿರುದ್ಧ, ಎಲ್ಲಕ್ಕಿಂತ ಮೂಲವಾದದ್ದು ಕಾಲವೇ ಎನ್ನುತ್ತಾರೆ. ಐನ್‌ಸ್ಟೈನರ ಒಳಗೂ ಈ ಎಳೆದಾಟವಿತ್ತು. ಗೆಳೆಯ ಮಿಶೆಲ್ ಬೆಸ್ಸೊ 1955ರ ಮಾರ್ಚಿನಲ್ಲಿ ತೀರಿಕೊಂಡಾಗ, ಭೂತ ವರ್ತಮಾನ ಭವಿಷ್ಯಗಳ ಭೇದ ಬಿಡದ ಭ್ರಮೆಯಷ್ಟೇ ಎಂಬರ್ಥದ ಸಾಂತ್ವನವನ್ನು ಅವರು ಮನೆಯವರಿಗೆ ಬರೆದರು. ಈ ಪತ್ರವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ತತ್ತ್ವಜ್ಞಾನಿ ರುಡಾಲ್ಫ್ ಕಾರ್ನಾಪ್ ನೆನಪಿಸಿಕೊಂಡದ್ದನ್ನು ಹೇಳುವವರು ಕಡಿಮೆ. 'ಈಗ' ಎಂಬುದು ಮನುಷ್ಯನಿಗೆ ಏನೋ ವಿಶೇಷ, ಅದು ಭೌತವಿಜ್ಞಾನದ ಹಿಡಿತಕ್ಕೆ ಬರುತ್ತಿಲ್ಲ ಎಂದು ಐನ್‌ಸ್ಟೈನ್ ಕಾರ್ನಾಪರ ಬಳಿ ನೊಂದುಕೊಂಡಿದ್ದರಂತೆ. ನನಗೆ ಈ ಎರಡನೆಯ ಐನ್‌ಸ್ಟೈನ್ ಹೆಚ್ಚು ಹತ್ತಿರದವರು.

ಕಾಲ ತಳದಲ್ಲಿಲ್ಲ ಎಂದ ಮಾತ್ರಕ್ಕೆ ಅದು ಇಲ್ಲವೇ ಇಲ್ಲ ಎನ್ನುವುದು ಅವಸರದ ಮಾತು. ನೀರಿನ ಒಂದು ಅಣುವನ್ನು ತೆಗೆದುಕೊಂಡರೆ ಅದು ಒದ್ದೆಯಲ್ಲ. ಒದ್ದೆತನ ಎಂಬುದು ಅಸಂಖ್ಯ ಅಣುಗಳು ಸೇರಿದಾಗ, ಅದೂ ಇನ್ನೊಂದು ವಸ್ತುವಿಗೆ ತಾಗಿದಾಗ ಹುಟ್ಟುವ ಗುಣ. ಹಾಗೆಂದು ಆಗುಂಬೆಯ ಮಳೆಯಲ್ಲಿ ತೊಯ್ದು ಬಂದವರಿಗೆ ಒದ್ದೆಯೆಂಬುದು ಸುಳ್ಳು ಎಂದು ಯಾರೂ ಹೇಳುವುದಿಲ್ಲ, ಟವೆಲು ಕೊಡುತ್ತಾರೆ. ಕಾಲವೂ ಹೀಗೆ ಸಂಬಂಧದಲ್ಲಿ ಹುಟ್ಟುವ ವಾಸ್ತವ ಎಂಬುದು ನನ್ನ ನಿಲುವು. ಇದಕ್ಕೆ ಸಾಕ್ಷಿಯೆಂದು ನಾನು ತತ್ತ್ವಶಾಸ್ತ್ರಕ್ಕಿಂತ ಮೊದಲು ಗಡಿಯಾರ ಮಾಡುವವರ ಕೆಲಸವನ್ನೇ ಮುಂದಿಡುತ್ತೇನೆ.

ಸೀಸಿಯಂ ಈಗ ಹಳತಾಗುತ್ತಿದೆ. ಸ್ಟ್ರಾನ್ಷಿಯಂ, ಇಟರ್ಬಿಯಂ ಪರಮಾಣುಗಳನ್ನು ಲೇಸರ್ ಬೆಳಕಿನ ಬಲೆಯಲ್ಲಿ ಹಿಡಿದಿಟ್ಟು ನಡೆಸುವ ಹೊಸ ಗಡಿಯಾರಗಳು, ವಿಶ್ವ ಹುಟ್ಟಿದಾಗಿನಿಂದ ಓಡಿದ್ದರೂ ಒಂದು ಸೆಕೆಂಡಿನಷ್ಟೂ ತಪ್ಪುತ್ತಿರಲಿಲ್ಲ ಎನ್ನುವಷ್ಟು ನಿಖರ. 2030ರ ಸುಮಾರಿಗೆ ಸೆಕೆಂಡಿಗೆ ಇವುಗಳಿಂದಲೇ ಹೊಸ ವ್ಯಾಖ್ಯೆ ಕೊಡುವ ಆಲೋಚನೆಯಿದೆ. 2020ರಲ್ಲಿ ಜಪಾನಿನ ಹಿದೆತೋಶಿ ಕಟೋರಿ ಅವರ ತಂಡ ಟೋಕಿಯೋದ ಸ್ಕೈಟ್ರೀ ಗೋಪುರದ ಬುಡದಲ್ಲೊಂದು, 450 ಮೀಟರ್ ಮೇಲೊಂದು ಗಡಿಯಾರವಿಟ್ಟು ಅವುಗಳ ಓಟದ ಅಂತರವನ್ನು ಅಳೆಯಿತು. ಎರಡೇ ವರ್ಷಕ್ಕೆ ಅಮೆರಿಕದ ಜುನ್ ಯೆ ಅವರ ತಂಡ ಒಂದೇ ಗಡಿಯಾರದೊಳಗೆ, ಒಂದು ಮಿಲಿಮೀಟರ್ ಎತ್ತರದ ಪರಮಾಣುಗಳ ಗುಪ್ಪೆಯಲ್ಲೇ, ಮೇಲಿನ ಕಾಲ ಕೆಳಗಿನ ಕಾಲಕ್ಕಿಂತ ಬೇಗ ಓಡುವುದನ್ನು ಕಂಡಿತು. ಸಾಸಿವೆ ಕಾಳಿನಷ್ಟು ಜಾಗದಲ್ಲೂ ಕಾಲ ಒಂದೇ ಆಗಿರಲಿಲ್ಲ.

ಈಗ ಗಡಿಯಾರ ಮಾಡುವವರ ಮುಂದಿರುವ ಕಷ್ಟ ಬೇರೆ ಬಗೆಯದು. ಇಷ್ಟು ನಿಖರವಾದ ಎರಡು ಗಡಿಯಾರಗಳನ್ನು ಎರಡು ದೇಶಗಳಲ್ಲಿಟ್ಟು ಹೋಲಿಸಬೇಕಾದರೆ ಎರಡರ ಎತ್ತರವೂ ಸೆಂಟಿಮೀಟರಿನ ಲೆಕ್ಕದಲ್ಲಿ ಗೊತ್ತಿರಬೇಕು. ಆದರೆ ನೆಲವೇ ನಿಂತಲ್ಲಿ ನಿಲ್ಲುವುದಿಲ್ಲ. ಚಂದ್ರ ಸೂರ್ಯರ ಸೆಳೆತಕ್ಕೆ ಗಟ್ಟಿ ಭೂಮಿಯೂ ಕಡಲಿನಂತೆ ದಿನಕ್ಕೆರಡು ಸಲ ಗೇಣಿನಷ್ಟು ಉಬ್ಬಿ ಇಳಿಯುತ್ತದೆ. ಅದರೊಡನೆ ಗಡಿಯಾರದ ಓಟವೂ ಏರಿ ಇಳಿಯುತ್ತದೆ. ಆದ್ದರಿಂದ ಭೂಮಾಪಕರು ಈ ಗಡಿಯಾರಗಳ ಕಡೆ ಬೇರೆ ಕಣ್ಣಿನಿಂದ ನೋಡತೊಡಗಿದ್ದಾರೆ. ಕಾಲ ಎಷ್ಟು ಬೇಗ ಓಡುತ್ತಿದೆ ಎಂದು ನೋಡಿದರೆ ನೆಲ ಎಷ್ಟು ಎತ್ತರದಲ್ಲಿದೆ ಎಂದು ತಿಳಿಯುತ್ತದೆ. ಬೆಟ್ಟ ಬೆಳೆಯುವುದನ್ನೂ ಅಗ್ನಿಪರ್ವತದ ಒಡಲು ಉಬ್ಬುವುದನ್ನೂ ಮುಂದೆ ಗಡಿಯಾರದಿಂದಲೇ ಅಳೆಯಲು ಅವರು ಸಿದ್ಧತೆ ನಡೆಸಿದ್ದಾರೆ.